ಮನೆಯಲ್ಲೇ ಇಂಗ್ಲಿಷ್: ‘ಕಿಂತ’ ಮತ್ತು ‘ಆದರೂ’



ಈ ಸಲ ಜೇವರ್ಗಿಯ ಸೋದರಿಯೊಬ್ಬರ ಪತ್ರಕ್ಕೆ ಉತ್ತರ. “ಅಕ್ಕಾವ್ರೇ, ಮಗಳು ಸರಕಾರಿ ಸಾಲಿಗೆ ಹೋಗ್ತಾಳ. ಇಂಗ್ಲಿಷ್ ಪರೀಕ್ಷಾದಾಗ ಹೋಲಿಕೆಯ ವಾಕ್ಯ ಎಲ್ಲಾ ತಪ್ಪು ಬರದಾಳ. ನಾನು ಹತ್ತನೇ ಇಯತ್ತೆ ತನಕ ಓದಿದಾಕಿ. ಹೇಳಿಕೊಡಲಿಕ್ಕೆ ಕುಂತ್ರ ನನಗೇ ಗೊಂದಲ ಆಗ್ತದ” ಎಂದು ಬರೆದಿದ್ದಾರೆ.

ನಾವು ಕಲಿಯುವಾಗ ಇಂಗ್ಲಿಷ್ ಶುರುವಾಗುತ್ತಿದ್ದುದೇ ಐದನೇ ಇಯತ್ತೆಯಲ್ಲಿ. 2007ರಿಂದ ಸರಕಾರಿ ಶಾಲೆಗಳಲ್ಲಿ ಒಂದನೇ ಇಯತ್ತೆಗೇ ಬಂದಿದೆ. ಹಾಗಾಗಿ ಸಂಜೆ ಮಕ್ಕಳ ಪಕ್ಕ ಕೂಡುವ ಕೆಲಸ ನಮ್ಮ ಪಾಲಿಗೆ ಬಂತು. ಹೆದರಬೇಡಿ ತಂಗೀ. ನಿಮ್ಮ ಮಗಳಿಗೆ ಬುದ್ಧಿ ಕಡಿಮೆಯಾಗಿ ಈ ತಪ್ಪು ಆಗಿಲ್ಲ. ಆಕೆ ಕನ್ನಡದ ವಾಕ್ಯವನ್ನು ಇದ್ದ ಹಾಗೇ ಎತ್ತಿ ಇಂಗ್ಲಿಷಿನಲ್ಲಿ ಇಟ್ಟಿದ್ದಾಳೆ, ಅಷ್ಟೇ.

“ಚಪಾತಿಗಿಂತ ಸಜ್ಜಿ ರೊಟ್ಟಿ ಗಟ್ಟಿ” ಅಂತೀವಲ್ಲ, ಇದರಲ್ಲಿ ‘ಗಟ್ಟಿ’ ಎಂಬ ಮಾತು ಬದಲಾಗುವುದೇ ಇಲ್ಲ. ಭಾರವೆಲ್ಲ ‘ಕಿಂತ’ದ ಮೇಲೆ. ಇಂಗ್ಲಿಷಿನಲ್ಲಿ ‘ದ್ಯಾನ್’ ಒಂದೇ ಸಾಲದು, ಗುಣ ಹೇಳುವ ಮಾತೂ ಬದಲಾಗಬೇಕು. ‘ಹಾರ್ಡ್’ ಇದ್ದದ್ದು ‘ಹಾರ್ಡರ್’ ಆಗಬೇಕು. ಸಣ್ಣ ಮಾತಿಗೆ ಬಾಲಕ್ಕೆ ‘ಅರ್’, ‘ಬ್ಯೂಟಿಫುಲ್’ನಂಥ ಉದ್ದ ಮಾತಿಗೆ ಮುಂದೆ ‘ಮೋರ್’. ಎರಡನ್ನೂ ಕೂಡಿಸಬಾರದು. ‘ಮೋರ್ ಬೆಟರ್’ ಅನ್ನುವುದು ಸಾರಿಗೆ ಎರಡು ಸಲ ಉಪ್ಪು ಹಾಕಿದಂಗ. ನಮ್ಮ ‘ಛಲೋ’ ಎಲ್ಲಿ ಹೋದರೂ ಛಲೋನೇ. ಅವರ ‘ಗುಡ್’ ಮಾತ್ರ ಹೋಲಿಕೆ ಬಂದ ಕೂಡಲೇ ‘ಬೆಟರ್’ ಎಂದು ಹೆಸರೇ ಬದಲಿಸಿಕೊಳ್ಳುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಮಾತಿನ ಸಾಲಿನದು. “ಕಲಬುರಗಿಯಿಂದ ಆಳಂದಕ್ಕಿಂತ ಅಫಜಲಪುರ ದೂರ.” ಇಲ್ಲಿ ಮೊದಲು ಬಂದದ್ದು ಆಳಂದ, ದೂರ ಇರುವುದು ಅಫಜಲಪುರ. ಮಗು ಇದೇ ಸಾಲಿನಲ್ಲಿ ‘ಆಳಂದ ಈಸ್ ಫಾರ್ದರ್ ದ್ಯಾನ್ ಅಫಜಲಪುರ’ ಎಂದು ಬರೆದರೆ ವ್ಯಾಕರಣ ಸರಿಯೇ ಇದೆ, ಊರೇ ಅದಲುಬದಲು! ಆದ್ದರಿಂದ ಮಗಳಿಗೆ ಮೊದಲು ಪೆನ್ಸಿಲ್ ಕೊಡಿ. ‘ಕಿಂತ’ ಹತ್ತಿದ ಹೆಸರಿಗೆ ದುಂಡಗೆ ಗೆರೆ ಎಳೆಯಲಿ. ಆ ಹೆಸರು ಇಂಗ್ಲಿಷಿನಲ್ಲಿ ‘ದ್ಯಾನ್’ ಆದ ಮೇಲೆ ಬರಬೇಕು. ಉಳಿದ ಹೆಸರು ಮುಂದೆ: ‘ಅಫಜಲಪುರ ಈಸ್ ಫಾರ್ದರ್ ದ್ಯಾನ್ ಆಳಂದ.’ ನಾಲ್ಕು ದಿನ ಹೀಗೆ ಮಾಡಿದರೆ ಕೈಗೆ ರೂಢಿಯಾಗುತ್ತದೆ.

ಒಂದು ವಿನಾಯಿತಿ ಇದೆ. ‘ಪ್ರಿಫರ್’ ಬಂದರೆ ಸಾಮಾನ್ಯವಾಗಿ ‘ದ್ಯಾನ್’ ಬೇಡ, ‘ಟು’ ಬೇಕು. ‘ಐ ಪ್ರಿಫರ್ ಟೀ ಟು ಕಾಫಿ.’ ನಮ್ಮ ಕಡೆಯವರಿಗೆ ಈ ವಾಕ್ಯ ಬೇಗ ಬಾಯಿಪಾಠ ಆಗ್ತದ ಬಿಡಿ.

ಇದು ಬರೀ ಮಾರ್ಕಿನ ಮಾತಲ್ಲ. ಮಗುವಿನ ಜ್ವರದ ಔಷಧಿ ಬಾಟಲಿಯ ಮೇಲೆ ‘ನಾಟ್ ಮೋರ್ ದ್ಯಾನ್ ಫೋರ್ ಡೋಸಸ್ ಇನ್ ಟ್ವೆಂಟಿಫೋರ್ ಅವರ್ಸ್’ ಎಂದು ಇದ್ದರೆ, ನಾಲ್ಕು ಸಲ ಕೊಡಲೇಬೇಕು ಎಂದು ಅರ್ಥವಲ್ಲ. ಒಂದು ದಿನ ಒಂದು ರಾತ್ರಿಯಲ್ಲಿ ನಾಲ್ಕರ ಮೇಲೆ ಹೋಗಬಾರದು ಎಂದು ಅರ್ಥ. ‘ಅಟ್ ಲೀಸ್ಟ್’ ಅಂದರೆ ಅಷ್ಟಾದರೂ ಇರಲೇಬೇಕು. ‘ಸ್ಟೋರ್ ಬಿಲೋ 30 ಡಿಗ್ರಿ’ ಅಂದರೆ 30ಕ್ಕಿಂತ ಕಡಿಮೆ ಬಿಸಿಯ ಜಾಗದಲ್ಲಿ ಇಡಬೇಕು. ನಮ್ಮ ಬೇಸಿಗೆ 40 ದಾಟುತ್ತದೆ. ಅಂಥ ಬಾಟಲಿಯನ್ನು ಒಲೆಯ ಪಕ್ಕದ ಮಾಡದಲ್ಲಿ ಇಡಬೇಡಿ. ಎಷ್ಟು ಔಷಧಿ ಎಂಬುದನ್ನು ಡಾಕ್ಟರರೇ ಹೇಳಬೇಕು, ಆದರೆ ಅವರು ಹೇಳಿದ್ದನ್ನು ಚೀಟಿಯ ಜೊತೆ ತಾಳೆ ನೋಡುವಷ್ಟು ಓದು ನಮಗೆ ಇರಲಿ.

ಇನ್ನು ‘ಆದರೂ’. “ಮಳೆ ಬಂದರೂ ಸಾಲಿಗೆ ಹೋದ.” ನಮ್ಮ ‘ರೂ’ ಕ್ರಿಯಾಪದದ ಬಾಲದಲ್ಲಿ ಇರುತ್ತದೆ. ಅವರ ‘ಆಲ್ದೋ’ ವಾಕ್ಯದ ತಲೆಯ ಮೇಲೆ ಕೂಡುತ್ತದೆ: ‘ಆಲ್ದೋ ಇಟ್ ರೇನ್ಡ್, ಹಿ ವೆಂಟ್ ಟು ಸ್ಕೂಲ್.’ ನಡುವೆ ‘ಬಟ್’ ಹಾಕಬಾರದು. ಹಾಕಿದರೆ ಅದೂ ಎರಡು ಸಲದ ಉಪ್ಪೇ.

ಈ ‘ಬಟ್’ ನಮ್ಮ ಮಕ್ಕಳ ಬಾಯಿಗೆ ಯಾಕೆ ಬರುತ್ತದೆ? ನನಗೆ ತಿಳಿದಂತೆ ಕಾರಣ ಓಣಿಯಲ್ಲೇ ಇದೆ. ಆಳಂದ, ಅಫಜಲಪುರ ಎರಡೂ ಮಹಾರಾಷ್ಟ್ರದ ಗಡಿಗೆ ಹತ್ತಿದ ತಾಲ್ಲೂಕು. 1948ರ ತನಕ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು, ಉರ್ದು ಇಂದಿಗೂ ಮನೆಮಾತಾಗಿ ಉಳಿದಿದೆ. ಉರ್ದುವಿನಲ್ಲಿ ‘ಹಾಲಾಂಕಿ’ ಅಂದವರು ಮುಂದೆ ‘ಲೇಕಿನ್’ ಅಂತಾರೆ. ಮರಾಠಿಯಲ್ಲಿ ‘ಜರೀ’ ಬಂದರೆ ಹಿಂದೆಯೇ ‘ತರೀ’. ಅಲ್ಲಿ ಜೋಡಿ ಇದ್ದರೇ ಚೆಂದ. ಇಂಗ್ಲಿಷಿಗೆ ಮಾತ್ರ ಒಂಟಿಯೇ ಸಾಕು. ಮಗಳು ‘ಆಲ್ದೋ’ ಮರೆತರೂ ಚಿಂತೆಯಿಲ್ಲ, ‘ಇಟ್ ರೇನ್ಡ್, ಬಟ್ ಹಿ ವೆಂಟ್’ ಅಂದರೂ ಸರಿಯೇ.

‘ಡಿಸ್ಪೈಟ್’ ಆದ ಮೇಲೆ ಪೂರಾ ವಾಕ್ಯ ಬೇಡ, ಹೆಸರು ಸಾಕು: ‘ಡಿಸ್ಪೈಟ್ ದ ರೇನ್’. ಅದಕ್ಕೆ ‘ಆಫ್’ ಹಚ್ಚಬೇಡಿ; ‘ಆಫ್’ ಬೇಕಾಗುವುದು ‘ಇನ್ ಸ್ಪೈಟ್’ಗೆ. ಇನ್ನು ‘ಅಕ್ಕ ಎತ್ತರ ಇದ್ದಾಳೆ, ಆದರೆ ತಂಗಿ ಗಿಡ್ಡ’ ಅನ್ನುವಾಗ ಯಾರೂ ಯಾವುದನ್ನೂ ಮೀರಿ ನಡೆದಿಲ್ಲ, ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ ನೋಡಿದ್ದೇವೆ. ಇಲ್ಲಿ ‘ವೇರ್‌ಆಸ್’ ಒಪ್ಪುತ್ತದೆ, ‘ಡಿಸ್ಪೈಟ್’ ಒಪ್ಪುವುದಿಲ್ಲ.

ಮುಂದಿನ ಸಂಚಿಕೆಯೊಳಗೆ ಈ ಮೂರನ್ನು ಇಂಗ್ಲಿಷಿನಲ್ಲಿ ಬರೆದು ಕಾರ್ಡು ಹಾಕಿ, ತಾಯಿ ಮಗಳು ಕೂಡಿ ಬರೆದರೂ ನಡೆಯುತ್ತದೆ: ಅಮರ್ಜಾ ನದಿಗಿಂತ ಭೀಮಾ ನದಿ ದೊಡ್ಡದು. ಬಿಸಿಲಿದ್ದರೂ ಆಕೆ ಸಂತೆಗೆ ಹೋದಳು. ಗೋಧಿ ಹಿಟ್ಟು ಜಿಗಿ ಬರುತ್ತದೆ, ಜೋಳದ ಹಿಟ್ಟು ಬರುವುದಿಲ್ಲ.