ಎರಡನೆಯ ದುಭಾಷಿ

ಪರಸ್ಪರ ಭಾಷೆಯನ್ನರಿಯದ ಇಬ್ಬರ ನಡುವೆ ವ್ಯವಹಾರ ನಡೆಯಬೇಕಾದರೆ ದುಭಾಷಿಯೊಬ್ಬನು ಬೇಕು. ಅವನು ಪ್ರಾಮಾಣಿಕನಾದರೆ ವ್ಯವಹಾರವು ಸುಗಮ; ವಂಚಕನಾದರೆ ಇಬ್ಬರಿಗೂ ಹಾನಿ. ಮನುಷ್ಯನಿಗೂ ಗಣಕಯಂತ್ರಕ್ಕೂ ನಡುವೆ ಇಂತಹ ದುಭಾಷಿಯಾಗಿರುವುದು ಕಂಪೈಲರ್. ಯಂತ್ರವು ಅರಿಯುವುದು ಸೊನ್ನೆ ಒಂದುಗಳ ಸಾಲನ್ನು ಮಾತ್ರ. ಮನುಷ್ಯನು ‘ಸಿ’ ಮೊದಲಾದ ಭಾಷೆಗಳಲ್ಲಿ ಬರೆದ ಆದೇಶಗಳನ್ನು ಕಂಪೈಲರು ಆ ಸಾಲುಗಳಾಗಿ ಮಾರ್ಪಡಿಸುತ್ತದೆ.

1987ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ನರು ‘ಜಿಸಿಸಿ’ ಎಂಬ ಕಂಪೈಲರನ್ನು ಹೊರತಂದರು. ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. 2007ರಲ್ಲಿ ‘ಕ್ಲ್ಯಾಂಗ್’ ಎಂಬ ಮತ್ತೊಂದು ಮುಕ್ತ ಕಂಪೈಲರು ಬೆಳಕಿಗೆ ಬಂದಿತು. ಒಂದಿರುವಾಗ ಇನ್ನೊಂದೇಕೆ? ಇದು ಶ್ರಮದ ಅಪವ್ಯಯವಲ್ಲವೇ?

ಈ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಲಿನಕ್ಸಿನ ತಿರುಳು ಬಹುಕಾಲ ಜಿಸಿಸಿಯ ವಿಶೇಷ ಸೌಲಭ್ಯಗಳನ್ನೇ ಅವಲಂಬಿಸಿತ್ತು. ಅದನ್ನು ಕ್ಲ್ಯಾಂಗಿಗೆ ಹೊಂದಿಸಲು ಹಲವು ವರ್ಷಗಳು ಹಿಡಿದವು. ಆದರೆ ಲಾಭವು ಶ್ರಮಕ್ಕಿಂತ ಹಿರಿದು. ಕ್ಲ್ಯಾಂಗು ಬರೆದವನ ತಪ್ಪನ್ನು ಸ್ಪಷ್ಟವಾದ ಮಾತಿನಲ್ಲಿ ತೋರಿಸತೊಡಗಿತು. ಬಳಿಕ ಜಿಸಿಸಿಯ ಸೂಚನೆಗಳೂ ಸುಧಾರಿಸಿದವು.

ಇದಕ್ಕಿಂತಲೂ ಮಿಗಿಲಾದ ಕಾರಣವೊಂದುಂಟು. ಟ್ಯೂರಿಂಗ್ ಪ್ರಶಸ್ತಿಯನ್ನು ಪಡೆದ ಕೆನ್ ಥಾಂಪ್ಸನ್ನರು 1984ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸದಲ್ಲಿ ಒಂದು ಅಪಾಯವನ್ನು ತಿಳಿಸಿದರು. ಕಂಪೈಲರನ್ನು ಸಿದ್ಧಪಡಿಸುವುದೂ ಇನ್ನೊಂದು ಕಂಪೈಲರೇ. ಹಳೆಯದರ ಯಂತ್ರರೂಪದಲ್ಲಿ ಮೋಸವು ಅಡಗಿದ್ದರೆ, ಅದು ಹೊಸದಕ್ಕೂ ಇಳಿದು ಬರಬಲ್ಲದು. ಮೂಲ ಬರಹವಾದರೋ ನಿರ್ಮಲವಾಗಿಯೇ ಕಾಣುತ್ತದೆ! ಹೀಗಾಗಿ ಮೂಲವನ್ನು ಓದಿದ ಮಾತ್ರಕ್ಕೆ ನಿಶ್ಚಿಂತರಾಗಿರುವಂತಿಲ್ಲ.

ಇದಕ್ಕೆ ಡೇವಿಡ್ ವೀಲರರು 2009ರ ತಮ್ಮ ಮಹಾಪ್ರಬಂಧದಲ್ಲಿ ಪರೀಕ್ಷೆಯೊಂದನ್ನು ವಿವರಿಸಿದರು. ಶಂಕೆಗೊಳಗಾದ ಕಂಪೈಲರಿನ ಮೂಲ ಬರಹವನ್ನು, ಬೇರೆಯವರು ರಚಿಸಿದ ಎರಡನೆಯ ಕಂಪೈಲರಿನಿಂದ ಮಾರ್ಪಡಿಸಬೇಕು. ಹಾಗೆ ದೊರೆತುದರಿಂದ ಅದೇ ಮೂಲವನ್ನು ಮತ್ತೊಮ್ಮೆ ಮಾರ್ಪಡಿಸಬೇಕು. ಕೊನೆಯ ಫಲವು ಶಂಕಿತ ಕಂಪೈಲರಿನ ಯಂತ್ರರೂಪಕ್ಕೆ ಚಾಚೂ ತಪ್ಪದೆ ಹೊಂದಿದರೆ ನೆಮ್ಮದಿ. ಹೊಂದದಿದ್ದರೆ ಕಾರಣವನ್ನು ಶೋಧಿಸಬೇಕು. ಸಂಬಂಧವಿಲ್ಲದ ಇಬ್ಬರು ದುಭಾಷಿಗಳು ಒಂದೇ ಸುಳ್ಳನ್ನು ಹೇಳುವುದು ವಿರಳವಷ್ಟೆ.

ಈ ಪರೀಕ್ಷೆಗೆ ಎರಡು ಸಾಧನಗಳು ಅವಶ್ಯ: ಓದಲು ದೊರೆಯುವ ಮೂಲ, ಸ್ವತಂತ್ರವಾದ ಎರಡನೆಯ ಕಂಪೈಲರ್. ಮೂಲವನ್ನು ಬಚ್ಚಿಟ್ಟರೆ ಪರೀಕ್ಷಿಸಲು ಹೊರಗಿನವರಿಗೆ ಏನೂ ಉಳಿಯದು. ಕಂಪೈಲರು ಒಂದೇ ಆದರೆ ಸಾಕ್ಷಿಯೇ ಇಲ್ಲ. ಬ್ಯಾಂಕು, ಆಸ್ಪತ್ರೆ, ರೈಲು ಎಲ್ಲವೂ ಗಣಕಯಂತ್ರಗಳನ್ನು ನಂಬಿರುವ ಈ ಕಾಲದಲ್ಲಿ ಎರಡನೆಯ ಕಂಪೈಲರು ಆಡಂಬರವಲ್ಲ, ಅಗತ್ಯ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಹಿರಿಯರ ಗಾದೆಯು ಯಂತ್ರಗಳಿಗೂ ಸಲ್ಲುತ್ತದೆ.