ಪಾಲಕರಿಲ್ಲದ ತಂತ್ರಾಂಶ

ಕಡತಗಳನ್ನು ಕುಗ್ಗಿಸಿಡುವ ‘ಎಕ್ಸ್‌ಝಡ್ ಯುಟಿಲ್ಸ್’ ಎಂಬ ಓಪನ್ ಸೋರ್ಸ್ ತಂತ್ರಾಂಶವು ಲಿನಕ್ಸಿನಿಂದ ನಡೆಯುವ ಅಸಂಖ್ಯ ಸರ್ವರುಗಳಲ್ಲಿ ಸೇರಿಕೊಂಡಿದೆ. ಅದನ್ನು ಬಹುಕಾಲ ನೋಡಿಕೊಂಡವರು ಲಾಸ್ಸೆ ಕಾಲಿನ್ ಒಬ್ಬರೇ. ಇದು ವೇತನವಿಲ್ಲದ ಹವ್ಯಾಸವೆಂದು ಅವರು 2022ರಲ್ಲಿ ಜ್ಞಾಪಿಸಿದರೂ, ಕೆಲಸವು ತಡವಾಯಿತೆಂದು ಪೀಡಿಸುವವರು ಬಿಡಲಿಲ್ಲ. ಆಗ ನೆರವಿಗೆ ನಿಂತ ‘ಜಿಯಾ ಟಾನ್’ ಎಂಬ ನಾಮಧಾರಿಯ ಕೈಗೆ ಕ್ರಮೇಣ ಅಧಿಕಾರವು ಸೇರಿತು. 2024ರ ಮಾರ್ಚ್ ತಿಂಗಳಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರರು, ಲಾಗಿನ್ನಿಗೆ ಅರ್ಧ ಸೆಕೆಂಡು ಹೆಚ್ಚು ಹಿಡಿಯುವುದೇಕೆಂದು ಶೋಧಿಸಲಾಗಿ, ಸರ್ವರುಗಳೊಳಕ್ಕೆ ನುಗ್ಗಲೆಂದು ಇರಿಸಿದ್ದ ಕಳ್ಳಬಾಗಿಲು ಬಯಲಾಯಿತು. ಅರ್ಧ ಸೆಕೆಂಡು! ಅಷ್ಟರಲ್ಲಿ ಲೋಕವು ಪಾರಾಯಿತು.

ಪಾಲಕರಿಲ್ಲದ ತಂತ್ರಾಂಶವನ್ನು ಕೇಳಿದವರಿಗೆ ಒಪ್ಪಿಸಿಬಿಡಬಹುದೆಂಬ ವಾದವು ಆದಕಾರಣ ನಮಗೆ ಸಮ್ಮತವಲ್ಲ. ಬಹಿರಂಗವಾಗಿ ಸಾರಿ ಮುಚ್ಚುವುದೇ ಅದಕ್ಕಿಂತ ಲೇಸು. ಬಳಸುವವರು ಬೇರೆ ದಾರಿಯನ್ನು ನೋಡಿಕೊಂಡಾರು. ಆದರೆ ಎಲ್ಲರೂ ಆಶ್ರಯಿಸಿರುವುದನ್ನು ಮುಚ್ಚುವಂತೆಯೂ ಇಲ್ಲ. ಅಂಥದಕ್ಕೆ ಲಾಭ ಪಡೆಯುವವರೇ ಸಂಬಳ ಕೊಡತಕ್ಕದ್ದು. 2014ರಲ್ಲಿ ಓಪನ್‌ಎಸ್‌ಎಸ್‌ಎಲ್‌ನ ‘ಹಾರ್ಟ್‌ಬ್ಲೀಡ್’ ದೋಷವು ಹೊರಬಿದ್ದ ಬಳಿಕ ದೊಡ್ಡ ಕಂಪೆನಿಗಳು ಲಿನಕ್ಸ್ ಫೌಂಡೇಶನ್ನಿನ ಮೂಲಕ ಇಬ್ಬರಿಗೆ ಪೂರ್ಣಕಾಲದ ವೇತನವನ್ನು ಗೊತ್ತುಮಾಡಿದವು. ಕೋಟೆಗೆ ಬೆಂಕಿ ಬಿದ್ದ ಮೇಲೆ ಎಂಬುದು ಬೇರೆ ಮಾತು. ಬೆಂಗಳೂರಿನ ಝೆರೋಧಾ ಸಂಸ್ಥೆಯು 2024ರಲ್ಲಿ ಇಂಥ ಕಾರ್ಯಗಳಿಗಾಗಿ ವರ್ಷಕ್ಕೆ 10 ಲಕ್ಷ ಡಾಲರುಗಳ ನಿಧಿಯನ್ನು ಸಾರಿತು. ಅದೇ ಊರಿನ ಮಿಕ್ಕ ಕಂಪೆನಿಗಳು ಈ ಬಾಬಿನ ಲೆಕ್ಕವನ್ನು ಎಂದು ತೆರೆಯುವುವೋ ತಿಳಿಯದು.