ಗಾಲಿಯ ಮೇಲಿನ ಮನೆಗೆ ಬೆಟ್ಟದ ತಕ್ಕಡಿ

ಶಾಲೆಯ ಮಕ್ಕಳನ್ನು ವರ್ಷಗಟ್ಟಲೆ ಹೊತ್ತು ದಣಿದ ಚಿಕ್ಕ ಬಸ್ಸೊಂದನ್ನು ಕೊಂಡು, ಅದರ ಆಸನಗಳನ್ನು ಕಿತ್ತು, ಒಳಗೆ ಮಂಚ, ಒಲೆ, ನೀರಿನ ತೊಟ್ಟಿ, ಪುಸ್ತಕದ ಗೂಡುಗಳನ್ನು ಜೋಡಿಸಿ ಅದನ್ನೇ ಮನೆಯನ್ನಾಗಿ ಮಾಡಿಕೊಳ್ಳುವ ಪದ್ಧತಿಯು ಅಮೆರಿಕದಲ್ಲಿ ಬಹುಕಾಲದಿಂದ ಇರುವುದು. ಅಲ್ಲಿಯ ಜನ ಇಂಥ ಬಸ್ಸನ್ನು ‘ಸ್ಕೂಲಿ’ ಎಂದು ಮುದ್ದಿನಿಂದ ಕರೆಯುತ್ತಾರೆ. ನಮ್ಮ ನಾಡಿನ ತರುಣರಲ್ಲಿಯೂ ಈ ಆಸೆ ಈಗ ಮೊಳೆತಿದೆ. ಆಸೆಯೇನೋ ಒಳ್ಳೆಯದೇ. ಆದರೆ ಇಂಥ ಮನೆಯನ್ನು ಕಟ್ಟಹೊರಟವರು ಮೊದಲು ಕೇಳುವ ಪ್ರಶ್ನೆ ‘ಒಳಗೆ ಏನೇನು ಇಡಬಹುದು?’ ಎಂಬುದು. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ‘ಇದನ್ನು ಬೆಟ್ಟದಿಂದ ಸುರಕ್ಷಿತವಾಗಿ ಇಳಿಸಬಹುದೆ?’ ಗಾಲಿಯ ಮೇಲಿನ ಮನೆಯನ್ನು ಇಳಿಜಾರಿನ ಲೆಕ್ಕದಿಂದಲೇ ಕಟ್ಟಲು ತೊಡಗಬೇಕೆಂಬುದು ನನ್ನ ಅಭಿಪ್ರಾಯ.

ಚಲಿಸುವ ಮನೆ ನಮಗೆ ಹೊಸದೇನೂ ಅಲ್ಲ. ಕಮಾನು ಕಟ್ಟಿದ ಎತ್ತಿನ ಬಂಡಿಯಲ್ಲಿ ಹುಲ್ಲು ಹಾಸಿ, ಮೇಲೆ ಜಮಖಾನ ಹರಡಿ, ಬುತ್ತಿ, ಪಾತ್ರೆ, ಹಾಸಿಗೆಗಳನ್ನು ಹೇರಿಕೊಂಡು ಜಾತ್ರೆಗೆ ಹೊರಡುತ್ತಿದ್ದ ಸಂಸಾರಗಳು ನಮ್ಮ ಬಯಲುಸೀಮೆಯಲ್ಲಿ ಎಷ್ಟೋ ಇದ್ದುವು. ರಾತ್ರಿ ಮರದ ಕೆಳಗೆ ಬಂಡಿ ನಿಂತರೆ ಅದೇ ಮನೆ. ಆ ಬಂಡಿಗೂ ಇಂದಿನ ಬಸ್ಸಿಗೂ ಇರುವ ಮುಖ್ಯ ವ್ಯತ್ಯಾಸವೊಂದನ್ನು ನಾವು ಮರೆಯಬಾರದು. ಹೇರು ಹೆಚ್ಚಾದರೆ ಎತ್ತು ಏರಿನಲ್ಲಿ ತಾನೇ ನಿಲ್ಲುವುದು, ಬಾರುಕೋಲಿಗೂ ಜಗ್ಗದು. ಅದರ ಮೂಕಮಾತೇ ಬಂಡಿಯ ತಕ್ಕಡಿ. ಎಂಜಿನ್ನಿಗೆ ಆ ಗುಣವಿಲ್ಲ. ಅದು ಅತಿಭಾರವನ್ನೂ ಕೆಳಗಿನ ಗೇರಿನಲ್ಲಿ ನರಳುತ್ತ ಏರಿಸಿಬಿಡುವುದು. ಏರಿಸಿದ ಭಾರವನ್ನು ಇಳಿಸುವ ಹೊಣೆ ಬೀಳುವುದು ಬ್ರೇಕಿನ ಮೇಲೆ. ಬ್ರೇಕು ಸೋಲುವ ತನಕ ದೂರು ಹೇಳುವುದಿಲ್ಲ.

ಹಳೆಯ ಬಸ್ಸಿಗೆ ಹೊಸ ಬಾಳು ಕೊಡುವುದರಲ್ಲಿ ನಮ್ಮವರು ಜಾಣರೇ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು 2020ರಲ್ಲಿ ಹಳೆಯ ಬಸ್ಸೊಂದನ್ನು ಮಹಿಳೆಯರ ಶೌಚಾಲಯವನ್ನಾಗಿ ಮಾರ್ಪಡಿಸಿ ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ನಿಲ್ಲಿಸಿತು. 2021ರಲ್ಲಿ, ಕೋವಿಡ್ ಪಿಡುಗಿನ ಕಾಲದಲ್ಲಿ, ಬಸ್ಸಿನೊಳಗೆ ತೀವ್ರ ನಿಗಾ ಘಟಕವನ್ನೇ ಸಜ್ಜುಗೊಳಿಸಿತು. ನಿಂತಲ್ಲಿಯೇ ನಿಲ್ಲುವ ಬಸ್ಸಿಗೆ ನೆಲವೇ ಆಧಾರವಾದುದರಿಂದ ಅದರ ತೂಕ ದೊಡ್ಡ ಪ್ರಶ್ನೆಯಲ್ಲ. ಗಾಲಿಯ ಮೇಲಿನ ಮನೆಯಾದರೋ ನಾಳೆ ಬೇರೆ ಊರಿನಲ್ಲಿರಬೇಕಾದುದು. ಮಲೆನಾಡಿನಲ್ಲಿ ಬೇರೆ ಊರೆಂದರೆ ಸಾಮಾನ್ಯವಾಗಿ ಬೇರೆ ಎತ್ತರ.

ಕೆಮ್ಮಣ್ಣುಗುಂಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬಾಬಾಬುಡನ್ ಗಿರಿಶ್ರೇಣಿಯಲ್ಲಿರುವ ಈ ಗಿರಿಧಾಮವು ಸಮುದ್ರಮಟ್ಟದಿಂದ 1,434 ಮೀಟರ್ ಎತ್ತರದಲ್ಲಿದೆ. ಕೆಳಗೆ ತರೀಕೆರೆಯ ಬಯಲು ಸುಮಾರು 700 ಮೀಟರ್ ಎತ್ತರದಲ್ಲಿದೆ. ಆದುದರಿಂದ ಪ್ರವಾಸಿಯ ವಾಹನವು ಸ್ಥೂಲವಾಗಿ 700 ಮೀಟರ್ ಏರಿ, ಮತ್ತೆ ಅಷ್ಟನ್ನೂ ಇಳಿಯಬೇಕು. ಊರಿನ ಹೆಸರೇ ಹೇಳುವಂತೆ ಇದು ಕೆಂಪು ಮಣ್ಣಿನ, ಎಂದರೆ ಕಬ್ಬಿಣದ ಅದುರಿನ ನೆಲ. 1923ರಲ್ಲಿ ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣದ ಉತ್ಪಾದನೆ ಮೊದಲಾದ ಮೇಲೆ, ಅದಕ್ಕೆ ಬೇಕಾದ ಅದುರು ಈ ಬೆಟ್ಟದ ಗಣಿಗಳಿಂದ ಹಗ್ಗದ ದಾರಿಯ ಮೇಲೆ, ತೊಟ್ಟಿಲುಗಳಲ್ಲಿ ತೂಗಿಕೊಂಡು ತಣಿಗೆಬೈಲಿಗೆ ಇಳಿಯುತ್ತಿದ್ದಿತು. ಹಗ್ಗದ ದಾರಿಯಲ್ಲಿ ಒಂದು ಸೊಗಸಾದ ತತ್ತ್ವವಿದೆ: ಇಳಿಯುವ ತುಂಬಿದ ತೊಟ್ಟಿಲಿನ ಶಕ್ತಿಯು ಏರುವ ಖಾಲಿ ತೊಟ್ಟಿಲನ್ನು ಎಳೆಯಬಲ್ಲುದು, ಬೆಟ್ಟದ ಎತ್ತರವೇ ಅಲ್ಲಿ ಕೆಲಸಗಾರ. ನಮ್ಮ ಬಸ್ಸಿಗೆ ಅಂಥ ಜೊತೆಗಾರ ತೊಟ್ಟಿಲಿಲ್ಲ. ಇಳಿಯುವಾಗ ಅದು ಕಳೆದುಕೊಳ್ಳುವ ಸ್ಥಾನಶಕ್ತಿಯೆಲ್ಲವೂ ಎಲ್ಲಿಯಾದರೂ ಶಾಖವಾಗಿಯೇ ತೀರಬೇಕು.

ಆ ಶಾಖ ಎಷ್ಟು? ಪ್ರೌಢಶಾಲೆಯ ವಿದ್ಯಾರ್ಥಿಯೂ ಇದನ್ನು ಲೆಕ್ಕ ಹಾಕಬಹುದು. ಸಾಮಾನು, ಜನ ಎಲ್ಲ ಸೇರಿ ಬಸ್ಸಿನ ದ್ರವ್ಯರಾಶಿ 5,000 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಇದನ್ನು ಗುರುತ್ವದ ವೇಗೋತ್ಕರ್ಷವಾದ 9.8ರಿಂದಲೂ ಎತ್ತರವಾದ 700ರಿಂದಲೂ ಗುಣಿಸಿದರೆ 343 ಲಕ್ಷ ಜೂಲ್ ಬರುವುದು. ಮುಕ್ಕಾಲು ಗಂಟೆಯಲ್ಲಿ ಬೆಟ್ಟವಿಳಿದರೆ, ಅಷ್ಟು ಹೊತ್ತೂ ಸೆಕೆಂಡಿಗೆ ಸುಮಾರು 12,700 ಜೂಲ್. 1,000 ವಾಟಿನ ಹನ್ನೆರಡು ಹದಿಮೂರು ವಿದ್ಯುತ್ ಒಲೆಗಳನ್ನು ಒಟ್ಟಿಗೆ ಉರಿಸಿದಂತೆ! ನಾಲ್ಕು ಗಾಲಿಗಳ ಬ್ರೇಕಿನಲ್ಲಿ ಕಾಯುವ ಕಬ್ಬಿಣ ಒಟ್ಟು 100 ಕಿಲೋಗ್ರಾಂ ಎಂದೂ, ಶಾಖವೆಲ್ಲ ಅದರಲ್ಲಿಯೇ ಉಳಿಯುವುದೆಂದೂ ಭಾವಿಸಿದರೆ, ಅದರ ಉಷ್ಣತೆ ಸುಮಾರು 750 ಡಿಗ್ರಿಯಷ್ಟು ಏರಬೇಕಾಗುವುದು. ಅದು ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕೆಂಪಗೆ ಕಾಯುವ ಮಟ್ಟ.

ವಾಸ್ತವದಲ್ಲಿ ಅಷ್ಟಾಗದು. ಬೀಸುವ ಗಾಳಿ ಬ್ರೇಕನ್ನು ತಣಿಸುತ್ತಿರುವುದು. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ನೇ ಒಂದು ಪಾಲನ್ನು ತಡೆಯುವುದು. ಏರಿದ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಚಾಲಕರ ಮಾತಿನಲ್ಲಿ ಇರುವುದು ಈ ಭೌತಶಾಸ್ತ್ರವೇ. ಆ ಮಾತನ್ನು ಮೀರಿ ಬ್ರೇಕನ್ನೇ ಒತ್ತಿಹಿಡಿದು ಇಳಿದರೆ ಡ್ರಮ್ಮು ಕಾದು ಹಿಗ್ಗುವುದು, ಲೈನಿಂಗಿನ ಹಿಡಿತ ಸಡಿಲುವುದು. ದ್ರವದಿಂದ ನಡೆಯುವ ಬ್ರೇಕಿನಲ್ಲಿ ಇನ್ನೊಂದು ಅಪಾಯವಿದೆ. ವರ್ಷಗಳು ಕಳೆದಂತೆ ಆ ದ್ರವವು ಗಾಳಿಯ ತೇವವನ್ನು ಹೀರಿ, ಕಡಿಮೆ ಉಷ್ಣತೆಯಲ್ಲಿಯೇ ಕುದಿಯತೊಡಗುವುದು. ಕುದಿದಾಗ ಹುಟ್ಟುವ ಆವಿ ಅದುಮಿದರೆ ಅಡಗುವ ವಸ್ತುವಾದುದರಿಂದ, ಚಾಲಕನ ಕಾಲು ಪೆಡಲನ್ನು ತಳಮುಟ್ಟ ಒತ್ತಿದರೂ ಗಾಲಿ ನಿಲ್ಲದು. ಹಳೆಯ ಬಸ್ಸಿಗೆ ಹೆಚ್ಚುವರಿಯಾಗಿ ಹೇರಿದ ಪ್ರತಿಯೊಂದು ಟನ್ನೂ ಈ ಇಳಿಜಾರಿನಲ್ಲಿ ಸುಮಾರು 69 ಲಕ್ಷ ಜೂಲ್ ಶಾಖವನ್ನು ಕೂಡಿಸುವುದು.

‘ಇಪ್ಪತ್ತೈದು ಮಕ್ಕಳನ್ನು ಹೊತ್ತ ಬಸ್ಸು ನಾಲ್ವರ ಸಂಸಾರವನ್ನು ಹೊರಲಾರದೆ?’ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ; ಉತ್ತರವನ್ನು ಅಂಕಿಗಳಿಂದಲೇ ನೋಡೋಣ. ಮಗುವಿಗೆ 35 ಕಿಲೋಗ್ರಾಂನಂತೆ 25 ಮಕ್ಕಳಿಗೆ 875. ಆಸನಕ್ಕೆ 10ರಂತೆ 250. ಹೀಗೆ ನಮಗೆ ಉಳಿದ ಭಾರದ ಬಂಡವಾಳ 1,125 ಕಿಲೋಗ್ರಾಂ. ಇನ್ನು ಖರ್ಚು. ನಾಲ್ವರು ವಯಸ್ಕರು 240. ನೀರು 200 ಲೀಟರ್, ಎಂದರೆ 200. ಮಂಚ, ಕಪಾಟು, ಒಳಗೋಡೆಗಳಿಗೆ 18 ಮಿಲಿಮೀಟರ್ ದಪ್ಪದ ಹತ್ತು ಪ್ಲೈವುಡ್ ಹಲಗೆ, ಒಂದಕ್ಕೆ 35ರಂತೆ 350. ಸೀಸದ ಬ್ಯಾಟರಿ ಎರಡು, 100. ಸೌರಫಲಕಗಳೂ ಅವುಗಳ ಚೌಕಟ್ಟೂ 60. ಅನಿಲದ ಸಿಲಿಂಡರು ಮತ್ತು ಒಲೆ 40. ಹಾಸಿಗೆ ಹೊದಿಕೆ 50. ಪಾತ್ರೆ, ದಿನಸಿ, ಬಟ್ಟೆಬರೆ 120. ಒಟ್ಟು 1,160! ಶೀತಕ ಪೆಟ್ಟಿಗೆಯೂ ಸ್ನಾನದ ಮನೆಯೂ ಇನ್ನೂ ಬಂದಿಲ್ಲ. ಮಿತಿಯನ್ನು ಆಗಲೇ 35 ಕಿಲೋಗ್ರಾಂನಷ್ಟು ದಾಟಿದ್ದೇವೆ. ಅಂಕಿಗಳು ಬಸ್ಸಿನಿಂದ ಬಸ್ಸಿಗೆ ಬದಲಾಗುವುವು. ಲೆಕ್ಕದ ರೀತಿ ಬದಲಾಗದು.

ಭಾರ ಎಷ್ಟೆಂಬುದರಷ್ಟೇ ಮುಖ್ಯವಾದುದು ಅದು ಎಲ್ಲಿದೆ ಎಂಬುದು. ಮಕ್ಕಳು ತಗ್ಗಿನಲ್ಲಿ, ಬಸ್ಸಿನ ಉದ್ದಕ್ಕೂ ಹರಡಿ ಕುಳಿತಿದ್ದರು. ಮನೆಯನ್ನು ಮಾಡುವವರು ನೀರಿನ ತೊಟ್ಟಿಯನ್ನೂ ಸೌರಫಲಕಗಳನ್ನೂ ಮಾಳಿಗೆಗೆ ಏರಿಸುವರು. ಎಡ ಬಲ ಗಾಲಿಗಳ ನಡುವಣ ಅಂತರ 1.6 ಮೀಟರ್, ಗುರುತ್ವಕೇಂದ್ರದ ಎತ್ತರ 1 ಮೀಟರ್ ಇದ್ದರೆ, ಬಸ್ಸನ್ನು ಪಕ್ಕಕ್ಕೆ ಉರುಳಿಸಲು ಅದರ ತೂಕದ 0.8ರಷ್ಟು ಬಲ ಬೇಕು. ಗುರುತ್ವಕೇಂದ್ರವು 1.3 ಮೀಟರಿಗೆ ಏರಿದರೆ ಸುಮಾರು 0.62ರಷ್ಟು ಸಾಕು. ಈಗ 15 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 35 ಕಿಲೋಮೀಟರ್ ವೇಗದಲ್ಲಿ ಹೊರಳಿದರೆ ಹುಟ್ಟುವ ಬಲ ತೂಕದ 0.64ರಷ್ಟು. ಮೊದಲಿನ ಬಸ್ಸು ಉರುಳದು, ಎರಡನೆಯದು ಉರುಳೀತು. ಅದೇ ತಿರುವಿನಲ್ಲಿ ವೇಗ 25 ಕಿಲೋಮೀಟರ್ ಆಗಿದ್ದರೆ ಆ ಬಲ 0.33ಕ್ಕೆ ಇಳಿಯುವುದು, ಏಕೆಂದರೆ ಅದು ವೇಗದ ವರ್ಗವನ್ನು ಅನುಸರಿಸುವುದು. ತೊಟ್ಟಿ ಅರ್ಧ ತುಂಬಿದ್ದರೆ ನೀರು ತಿರುವಿನ ಹೊರಮಗ್ಗುಲಿಗೆ ನುಗ್ಗಿ ಅಪಾಯವನ್ನು ಇನ್ನಷ್ಟು ಹೆಚ್ಚಿಸುವುದು. ಆದುದರಿಂದ ನೀರೂ ಬ್ಯಾಟರಿಯೂ ಮಾಳಿಗೆಯ ಮೇಲೂ ಬಾರದು, ಬಾಲದಲ್ಲಿಯೂ ಬಾರದು. ನೆಲಮಟ್ಟದಲ್ಲಿ, ಎರಡು ಅಚ್ಚುಗಳ ನಡುವೆ ಇರತಕ್ಕದ್ದು.

ನೀರಿನ ವಿಷಯದಲ್ಲಿ ಇನ್ನೊಂದು ಮಾತುಂಟು. ಮೇಲಕ್ಕೆ ಒಯ್ದ 200 ಲೀಟರ್ ಅಲ್ಲಿ ಬಳಕೆಯಾಗಿ ಹೋಗುವುದರಿಂದ ಇಳಿಯುವಾಗ ಬಸ್ಸು ಹಗುರವಾಗುವುದೆಂದು ಕೆಲವರು ಲೆಕ್ಕ ಹಾಕುವರು. ಆ ಹಗುರತನ ಎಲ್ಲಿಂದ ಬಂದಿತು? ಪಾತ್ರೆ ತೊಳೆದ, ಮೈ ತೊಳೆದ, ಶೌಚದ ನೀರನ್ನು ಬೆಟ್ಟದ ಮೇಲೆ ಚೆಲ್ಲಿದ್ದರಿಂದ. ಈ ಶ್ರೇಣಿಯ ಪಶ್ಚಿಮದ ತೊರೆಗಳು ಭದ್ರೆಯನ್ನೂ ಪೂರ್ವದವು ವೇದಾವತಿಯನ್ನೂ ಸೇರುವುವು. ಮೇಲೆ ಚೆಲ್ಲಿದುದು ಕೆಳಗಿನವರ ಕೆರೆಗೂ ಗದ್ದೆಗೂ ಬರುವುದು. ಕೊಳೆನೀರನ್ನು ಮುಚ್ಚಿದ ತೊಟ್ಟಿಯಲ್ಲಿ ತುಂಬಿ ಕೆಳಕ್ಕೆ ತರುವುದೇ ಪ್ರಾಮಾಣಿಕವಾದ ಮಾರ್ಗ. ಹಾಗೆ ತಂದರೆ ಇಳಿಯುವ ಭಾರ ಏರಿದ ಭಾರಕ್ಕೆ ಹೆಚ್ಚು ಕಡಿಮೆ ಸಮ. ಬ್ರೇಕಿನ ಲೆಕ್ಕವನ್ನು ತುಂಬಿದ ತೊಟ್ಟಿಯೊಡನೆಯೇ ಮಾಡಬೇಕು.

ಅನಿಲಗಳಿಗೂ ತೂಕವುಂಟೆಂಬುದನ್ನು ಮರೆಯತಕ್ಕದ್ದಲ್ಲ. ಅಡುಗೆಯ ಅನಿಲವು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಅದು ಮೇಲಿನ ಕಿಟಕಿಯಿಂದ ಹೊರಟುಹೋಗದು. ನೆಲದಲ್ಲಿ ಮಡುಗಟ್ಟಿ ನಿಲ್ಲುವುದು. ಆದುದರಿಂದ ಸಿಲಿಂಡರಿನ ಗೂಡಿಗೆ ತಳದಲ್ಲಿಯೇ, ಹೊರಕ್ಕೆ ತೆರೆಯುವ ಗಾಳಿಗಂಡಿ ಬೇಕು. ಇಂಗಾಲದ ಮಾನಾಕ್ಸೈಡಾದರೋ ತೂಕದಲ್ಲಿ ಹೆಚ್ಚು ಕಡಿಮೆ ಗಾಳಿಯಂತೆಯೇ ಇರುವುದು, ಬಣ್ಣವಿಲ್ಲ, ವಾಸನೆಯಿಲ್ಲ. ಕೆಮ್ಮಣ್ಣುಗುಂಡಿಯ ಚಳಿಗೆ ಹೆದರಿ ಕಿಟಕಿಗಳನ್ನೆಲ್ಲ ಬಿಗಿದು, ಒಳಗೆ ಇದ್ದಿಲಿನ ಅಗ್ಗಿಷ್ಟಿಕೆಯನ್ನಿಟ್ಟು ಮಲಗಿದವರನ್ನು ಅದು ನಿದ್ದೆಯಲ್ಲಿಯೇ ಕೊಲ್ಲಬಲ್ಲುದು. ಬಸ್ಸಿನೊಳಗೆ ಬೆಚ್ಚಗಿರಲು ಬೇಕಾದುದು ಬೆಂಕಿಯಲ್ಲ. ಕಂಬಳಿ ಮತ್ತು ತಗಡಿನ ಗೋಡೆಗೆ ಶಾಖ ತಡೆಯುವ ಒಳಪದರ.

ಇಷ್ಟೆಲ್ಲ ಎಚ್ಚರಿಕೆಯನ್ನು ಓದಿದವರು, ‘ಹಾಗಾದರೆ ಈ ಸಾಹಸವೇ ಬೇಡವೆ?’ ಎಂದು ಕೇಳಿಯಾರು. ಬೇಡವೆಂದು ನಾನು ಹೇಳುತ್ತಿಲ್ಲ, ಬೇಕೆಂದೇ ಹೇಳುತ್ತೇನೆ. ದಪ್ಪ ಹಲಗೆಯ ಬದಲು ಒಂಬತ್ತು ಮಿಲಿಮೀಟರಿನ ಹಲಗೆಯನ್ನೂ, ಮರದ ಅಡ್ಡಗೋಡೆಯ ಬದಲು ಬಟ್ಟೆಯ ತೆರೆಯನ್ನೂ ಬಳಸಿದರೆ ನೂರಾರು ಕಿಲೋಗ್ರಾಂ ಉಳಿಯುವುದು. ಸೀಸದ ಬ್ಯಾಟರಿಗೆ ಬದಲಾಗಿ ಲಿಥಿಯಂ ಕಬ್ಬಿಣ ಫಾಸ್ಫೇಟಿನ ಬ್ಯಾಟರಿಯನ್ನಿಟ್ಟರೆ ಆ ಭಾರವೂ ಅರ್ಧಕ್ಕಿಂತ ಕೆಳಗಿಳಿಯುವುದು. ಕಡಿಮೆ ಸಾಮಾನಿನಲ್ಲಿ ಸುಖವಾಗಿರುವುದು ಹೇಗೆಂಬ ಪಾಠವನ್ನು ಇಂಥ ಮನೆಯಷ್ಟು ಚೆನ್ನಾಗಿ ಕಲಿಸುವ ಶಾಲೆ ಇನ್ನೊಂದಿಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣವು ವಾಹನದ ಮಾರ್ಪಾಟನ್ನು ಮಿತಿಗೊಳಪಡಿಸಿದೆ. ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕೇಳದೆ ಆಸನ ಕೀಳಲು ಹೊರಡಬಾರದು. ಅನೇಕರು ಇದನ್ನು ಕಿರುಕುಳವೆಂದು ಭಾವಿಸುವರು. ನನ್ನ ದೂರು ಬೇರೆ: ಕಾಗದಪತ್ರವನ್ನು ಕೇಳುವಷ್ಟು ಶ್ರದ್ಧೆಯಿಂದ ನಾವು ತೂಕವನ್ನು ಕೇಳುವುದಿಲ್ಲ. ಸಂಸಾರಸಮೇತ, ತೊಟ್ಟಿ ತುಂಬಿಸಿಕೊಂಡು ಬಂದ ಬಸ್ಸನ್ನು ವೇಬ್ರಿಜ್ಜಿನ ಮೇಲೆ ನಿಲ್ಲಿಸಿ, ಮುಂದಿನ ಅಚ್ಚಿನ ಭಾರವೆಷ್ಟು, ಹಿಂದಿನದೆಷ್ಟು ಎಂದು ಬೇರೆ ಬೇರೆ ತೂಗಿ, ತಯಾರಕರು ಹೇಳಿದ ಮಿತಿಯೊಡನೆ ಹೋಲಿಸತಕ್ಕದ್ದು. ಮರಳು, ಜಲ್ಲಿ, ತೆಂಗಿನಕಾಯಿಗಳನ್ನು ತೂಗುವ ವೇಬ್ರಿಜ್ಜುಗಳು ನಮ್ಮ ಪೇಟೆಗಳಲ್ಲಿ ಇವೆ. ತೂಗಿಸಲು ತಗಲುವುದು ಅಲ್ಪ ಹಣ, ಅಲ್ಪ ಹೊತ್ತು. ಗಿರಿಧಾಮಗಳಲ್ಲಿ ಇಂಥ ವಾಹನಗಳಿಗೆ ತಂಗಲು ಎಡೆ ಕೊಡುವವರು ಈ ತೂಕದ ಚೀಟಿಯನ್ನು ಮೊದಲು ಕೇಳುವಂತಾಗಬೇಕು.

ತರುಣ ವಾಚಕರಲ್ಲಿ ಬಸ್ಸನ್ನು ಕೊಳ್ಳುವವರು ಎಲ್ಲೋ ಒಬ್ಬಿಬ್ಬರು. ಲೆಕ್ಕವನ್ನು ಮಾತ್ರ ಎಲ್ಲರೂ ಮಾಡಬಹುದು. ನಿಮ್ಮ ಶಾಲೆಯ ಬಸ್ಸಿನ ಪಕ್ಕದಲ್ಲಿ ಬರೆದಿರುವ ಖಾಲಿ ತೂಕವನ್ನೂ ಪೂರ್ಣ ತೂಕವನ್ನೂ ಓದಿಕೊಳ್ಳಿರಿ. ನಿಮ್ಮ ಊರಿಗೆ ಹತ್ತಿರವಾದ ಬೆಟ್ಟದ ಎತ್ತರವನ್ನು ನಕ್ಷೆಯಲ್ಲಿ ನೋಡಿರಿ. ಮೂರು ಸಂಖ್ಯೆಗಳನ್ನು ಗುಣಿಸಿರಿ. ಬಂದ ಜೂಲುಗಳನ್ನು ಎಲ್ಲಿ, ಹೇಗೆ ಕಳೆಯುವಿರೆಂದು ಯೋಚಿಸಿರಿ. ಆ ಪ್ರಶ್ನೆಗೆ ಉತ್ತರ ದೊರೆತ ಮೇಲೆಯೇ ಮಂಚ, ಒಲೆ, ಪುಸ್ತಕದ ಗೂಡುಗಳ ಮಾತು.